ಹೊಸ ಫೋನ್‌ಗೆ ಇಷ್ಟ್ ಜಲ್ದಿ ಗೀರು ಬೀಳೋದು ಸಹಜ ಏನ್ರಿ? ದಿನಾ ಬಳಸೋದನ್ನಾರ ತಡಿಬೇಕಲ್ಲ?

ಗಂಜ್ ಹುಡುಗ, ಕಲಬುರಗಿ

ಎಲ್ಲರಿಗೂ ನಮಸ್ಕಾರ್ರಿ. ಒಂದು ಮಾತು ಕೇಳೋದದ, ಫೋನ್ ಬಗ್ಗೆ ತಿಳಿದವರು ಜರಾ ಹೇಳ್ರಿ. ದೀಪಾವಳಿ ಟೈಮಿಗೆ ಹೊಸ ಫೋನ್ ತಗೊಂಡೆ, ಮೂವತ್ತು ಸಾವಿರದ ಹತ್ರ ಬಿತ್ತು, ಕಂಪನಿ ಹೆಸರು ಇಲ್ಲಿ ಬ್ಯಾಡ. ನಾ ಗಂಜ್‌ನಾಗ, ಅಂದ್ರ ಕಾಳಿನ ಮಾರ್ಕೆಟ್‌ದಾಗ, ಅಡತಿ ಅಂಗಡಿದಾಗ ಲೆಕ್ಕ ಬರೀತೀನಿ, ತೊಗರಿ ಸೀಸನ್ ಶುರು ಆಯ್ತಂದ್ರ ಮುಂಜಾನಿಂದ ಸಂಜಿ ತನಕ ಚೀಲ ಇಳಿಸೋದು ತೂಕ ಹಾಕೋದು ನಡದೇ ಇರ್ತದ, ಧೂಳಿನದಂತೂ ಹೇಳೋದೇ ಬ್ಯಾಡ, ಹಿಂಗಾಗಿ ಫೋನ್ ತಗೊಂಡ ಅಂಗಡಿದಾಗೇ ಕವರ್ ಹಾಕಿಸಿ ಮ್ಯಾಲ ಗ್ಲಾಸ್ ಹಚ್ಚಿಸ್ಕೊಂಡೇ ಮನಿಗೆ ತಂದೀನಿ. ಒಮ್ಮಿನೂ ಕೆಳಗ ಬಿದ್ದಿಲ್ಲ ಅದು.

ಮೊನ್ನೆ ಒರಸೋಣ ಅಂತ ಕವರ್ ತೆಗೆದ್ರ, ಚಾರ್ಜರ್ ಹಾಕೋ ತೂತಿನ ಸುತ್ತ ಬಣ್ಣ ಕಿತ್ತು ಒಳಗಿನ ಬಿಳಿ ಲೋಹ ಕಾಣ್ಲತ್ತದ. ಕ್ಯಾಮೆರಾ ರಿಂಗಿನ ಅಂಚಿಗೂ ಅದೇ ಕಥಿ. ಕೆಳಗಿನ ಎರಡೂ ಮೂಲಿ ನೀಲಿ ಇದ್ದಿದ್ದು ಸವೆದು ಬೂದಿ ಬಣ್ಣ ಆಗ್ಯಾವ. ಸ್ಕ್ರೀನ್ ಮ್ಯಾಲ ಹಚ್ಚಿದ ಗ್ಲಾಸ್ ಹಳೀದಾಗಿತ್ತು ಅಂತ ಬದಲಿ ಮಾಡಿಸಿದ್ರ ಅದರ ಅಂಚಿನ ಕೆಳಗೂ ಸಣ್ಣ ಸಣ್ಣ ಗೆರಿ, ಬಿಸಲಾಗ ಹಿಡದ್ರ ಮಾತ್ರ ಕಾಣ್ತಾವ.

ಸರ್ವಿಸ್ ಸೆಂಟರಿಗೆ ಒಯ್ದೆ. ಅಲ್ಲಿ ಕೂತಿದ್ದ ಹುಡುಗ ನೋಡಿ, ಇದು ಬರೇ ಮ್ಯಾಲಿನ ಅಂದದ್ದು, ಕೆಲಸಕ್ಕ ಏನೂ ತೊಂದ್ರಿ ಇಲ್ಲಲ್ಲ, ವಾರಂಟಿದಾಗ ಬರಲ್ಲ ಅಂದ. ಅವನ್ ಮ್ಯಾಲ ನಂಗ ಸಿಟ್ಟಿಲ್ಲ, ಅವ ಕಂಪನಿ ಹೇಳಿದ್ದು ಹೇಳ್ದ. ಆದ್ರ ಜಾಹೀರಾತಿನಾಗ ಗ್ಲಾಸಿನ ಹೆಸರು ದೊಡ್ಡ ಅಕ್ಷರದಾಗ ಹಾಕ್ತಾರ, ಗಟ್ಟಿ ಅದ, ಬಾಳಿಕಿ ಬರ್ತದ ಅಂತಾರ, ನಾವ್ ಅದನ್ನ ನೋಡೇ ರೊಕ್ಕ ಕೊಡ್ತೀವಿ, ಆಮ್ಯಾಲ ಕಿಸೆದಾಗ ಇಟ್ಕೊಂಡು ತಿರುಗಿದ್ದಕ್ಕೇ ಬಣ್ಣ ಹೋದ್ರ ಅದು ನಿಮ್ಮ ಬಳಕಿ ಅಂತಾರಂದ್ರ ಇದ್ಯಾವ ನ್ಯಾಯ? ಮ್ಯಾಲಿಂದ ಒಗದ್ರ ಒಡೀತದ, ಅದು ನಂಗೂ ತಿಳೀತದ. ಕಿಸೆ, ಟೇಬಲ್, ಕೈ, ಚಾರ್ಜರ್ ಇಷ್ಟನ್ನಾರ ಎರಡು ವರ್ಷ ತಡಿಬೇಕೋ ಬ್ಯಾಡೋ?

ಇನ್ನೊಂದು, ನಮ್ಮ ತಂಗಿಗೆ ಕಾಲೇಜಿಗೆ ಒಂದು ಫೋನ್ ಕೊಡಸೋದದ, ಇಪ್ಪತ್ತು ಸಾವಿರದ ಒಳಗ. ಈ ಸಲ ಕ್ಯಾಮೆರಾ ಗಿಮೆರಾ ಬಿಟ್ಟು ಮೈ ಗಟ್ಟಿ ಇರೋದು ನೋಡಿ ತಗೋಬೇಕಂತೀನಿ. ಏನ್ ನೋಡಿ ತಗೋಬೇಕು, ಹೇಳ್ರಿ.

ಸೂಪರ್ ಮಾರ್ಕೆಟ್ ಮೊಬೈಲ್

ತಮ್ಮಾ, ನಾ ಸೂಪರ್ ಮಾರ್ಕೆಟ್‌ನಾಗ ಮೊಬೈಲ್ ಅಂಗಡಿ ಇಟ್ಟೀನಿ, ರಿಪೇರಿನೂ ಮಾಡ್ತೀನಿ. ನಿಂದು ಒಬ್ಬಂದೇ ಅಲ್ಲ, ದಿನಾ ನೋಡ್ತೀನಿ ಇಂಥವು.

ಪೈಲಾ ಒಂದು ಮಾತ್ ಹೇಳ್ತೀನಿ ಕೇಳು, ನಿನ್ನ ಫೋನಿನ ಮೂಲಿ ಸವೆದದ್ದು ಕವರ್ ಒಳಗೇ. ಕವರ್ ಹಾಕಿದ್ಮ್ಯಾಲ ಮಂದಿ ಅದನ್ನ ತೆಗೆಯೋದೇ ಇಲ್ಲ, ರಿಪೇರಿಗೆ ಬಂದಾಗ ನಾವೇ ತೆಗಿತೀವಿ, ತೆಗೆದಾಗ ನೋಡ್ಬೇಕು, ಫೋನಿನ ನಾಲ್ಕೂ ಬಾಜು ಸುತ್ತ ಕವರಿನ ಅಂಚು ಎಲ್ಲಿ ಕುಂತಿರ್ತದೋ ಅಲ್ಲಿ ಬರೋಬರಿ ಒಂದು ಧೂಳಿನ ಗೆರಿ ಕುಂತಿರ್ತದ, ಬೆರಳಿಲಿಂದ ತಿಕ್ಕಿದ್ರ ಸಣ್ಣ ಉಸುಕು ಕೈಗೆ ಹತ್ತತದ. ಕವರ್ ರಬ್ಬರಿಂದು, ಬಿಸಿಲಿಗೆ ಸಡಲ ಆಗಿರ್ತದ, ನಡೀವಾಗ ಗಾಡಿ ಹೊಡಿವಾಗ ಕವರ್ ಅಲ್ಲಾಡ್ತದ, ಆ ಉಸುಕು ಫ್ರೇಮ್ ಮ್ಯಾಲ ತಿಕ್ಕಿ ತಿಕ್ಕಿ ಬಣ್ಣ ತಿಂತದ. ಚೀಲ ಇಳಿಸೋ ಜಾಗದಾಗ ಇರೋರು, ಕಲ್ಲಿನ ಕೆಲಸದವರು, ವಾಡಿ ಸೇಡಂ ಕಡಿ ಸಿಮೆಂಟ್ ಫ್ಯಾಕ್ಟರಿದಾಗ ಇರೋರು, ಇವರೆಲ್ಲರ ಫೋನಿಗೆ ಒಂದೇ ಥರ ಗುರ್ತು. ಕವರ್ ವಾರಕ್ಕೊಮ್ಮಿ ಆದ್ರೂ ತೆಗೆದು ಎರಡನ್ನೂ ಒರಸಿ ಹಾಕಬೇಕು. ಇದನ್ನ ಗಿರಾಕಿಗೆ ಯಾರೂ ಹೇಳಲ್ಲ, ಕವರ್ ಮಾರೋರೂ ಹೇಳಲ್ಲ, ಕಂಪನಿನೂ ಹೇಳಲ್ಲ.

ಚಾರ್ಜರ್ ತೂತಿನ ಸುತ್ತ ಹೋಗಿದ್ದು ಬ್ಯಾರೆ. ಕತ್ತಲಾಗ ನೋಡಲಾರ್ದ ಪಿನ್ ಚುಚ್ತಾರ, ಆ ಪಿನ್ನಿನ ಬಾಯಿ ಉಕ್ಕಿಂದು, ಅದು ಬಡದು ಬಡದು ಅಂಚಿನ ಬಣ್ಣ ಏಳ್ತದ. ಆದ್ರ ನಾ ಕಂಪನಿಗೂ ಕೇಳ್ತೀನಿ, ದಿನಕ್ಕ ಎರಡ್ ಸಲ ಚಾರ್ಜರ್ ಹಾಕೋ ಜಾಗ ಅದು, ಅಲ್ಲೇ ಬಣ್ಣ ನಿಲ್ಲಲ್ಲಂದ್ರ ಹ್ಯಾಂಗ? ಪಿನ್ ಅಲ್ಲಿ ಬಡಿತದ ಅಂತ ಅದನ್ನ ಮಾಡಿದವರಿಗೆ ಗೊತ್ತಿಲ್ಲೇನು?

ಇನ್ನೊಂದು ಖರೆ ಮಾತು. ಅಂಗಡಿಗೆ ಬಂದವರು ರ‍್ಯಾಮ್ ಕೇಳ್ತಾರ, ಕ್ಯಾಮೆರಾ ಕೇಳ್ತಾರ, ಬ್ಯಾಟರಿ ಕೇಳ್ತಾರ. ಫ್ರೇಮ್ ಲೋಹದ್ದೋ ಪ್ಲಾಸ್ಟಿಕ್ಕಿಂದೋ ಅಂತ ಕೇಳಿದವರನ್ನ ನಾ ಕೈಬೆರಳಿನಾಗ ಎಣಿಸ್ಬಹುದು. ಕೇಳಿದ್ರೂ ಡಬ್ಬಿ ಮ್ಯಾಲ ಬರ್ದಿರಲ್ಲ. ಭಾಳ ಫೋನ್‌ದಾಗ ಪ್ಲಾಸ್ಟಿಕ್ ಮ್ಯಾಲ ಲೋಹದ ಹೊಳಪಿನ ಪೇಂಟ್ ಹೊಡದಿರ್ತಾರ, ಗಿರಾಕಿ ಲೋಹ ಅಂತ ತಿಳ್ಕೊಂಡು ಒಯ್ತಾನ. ಕೈಯಾಗ ಹಿಡದ್ ಕೂಡ್ಲೆ ತಣ್ಣಗ ಹತ್ತಿದ್ರ ಲೋಹ, ಉಗರಿಲಿಂದ ಬಡದ್ರ ಸಪ್ಪಗ ಸಪ್ಪಳ ಬಂದ್ರ ಪ್ಲಾಸ್ಟಿಕ್, ಅಷ್ಟ್ ನೋಡ್ಕೋಬಹುದು ಅಷ್ಟೇ.

ಎಕ್ಸ್‌ಚೇಂಜ್‌ಗೆ ತಂದಾಗ ಮಾತ್ರ ಇದೇ ಗೀರು ನೋಡಿ ರೇಟ್ ಕಡಿತಾರ. ಮಾರುವಾಗ ಅದು ಬರೇ ಅಂದ, ತಗೊಳ್ಳುವಾಗ ಅದಕ್ಕ ರೊಕ್ಕ. ಇದು ನಂಗೂ ಸರಿ ಕಾಣಲ್ಲ.

ಯಾದಗಿರಿ ವಿಜ್ಞಾನ ಟೀಚರ್

ಗಂಜ್ ಹುಡುಗ ಅವರೆ, ನಿಮ್ಮ ಪ್ರಶ್ನಿ ಭಾಳ ಛಲೋ ಅದ. ನಾ ಹೈಸ್ಕೂಲಿನಾಗ ವಿಜ್ಞಾನ ಹೇಳ್ತೀನಿ, ಸ್ವಲ್ಪ ಉದ್ದ ಆಗ್ತದ, ಓದ್ರಿ.

ಗೀರು ಬೀಳೋದು ಅಂದ್ರ ಗಟ್ಟಿ ವಸ್ತು ಮೆತ್ತನ ವಸ್ತುವನ್ನ ಕೊರೆಯೋದು. ಇದನ್ನ ಅಳೆಯಲಿಕ್ಕ ಮೋಸ್ ಅನ್ನೋ ಖನಿಜ ತಜ್ಞ 1812ರಾಗ ಒಂದು ಮಾಪಕ ಮಾಡ್ಯಾನ, 1ರಿಂದ 10ರ ತನಕ. ಭಾಳ ಮೆತ್ತನ ಖನಿಜ ಟಾಲ್ಕ್ 1, ವಜ್ರ 10. ನಮ್ಮ ಕಡಿ ಎಲ್ಲರ ಮನ್ಯಾಗ ಹಾಸಿರೋ ಶಹಾಬಾದ್ ಫರಸಿ ಸುಣ್ಣದ ಕಲ್ಲು, ಅದು 3ರ ಹತ್ರ. ಫೋನಿನ ಗ್ಲಾಸ್ 6ರ ಹತ್ರ. ಅಂದ್ರ ಬರೇ ಫರಸಿ ಮ್ಯಾಲ ಫೋನ್ ಇಟ್ಟು ಜರಗಿಸಿದ್ರ ಗ್ಲಾಸಿಗೆ ಏನೂ ಆಗಬಾರದು. ಕಿಸೆದಾಗಿನ ಚಿಲ್ಲರ ನಮ್ಮಲ್ಲಿ ಸ್ಟೇನ್‌ಲೆಸ್ ಸ್ಟೀಲಿಂದೋ ಹಿತ್ತಾಳಿ ಥರದ್ದೋ, ಚಾವಿ ಹಿತ್ತಾಳಿಂದೋ ಉಕ್ಕಿಂದೋ ಇರ್ತದ, ಅವೂ ಗ್ಲಾಸಿಗಿಂತ ಮೆತ್ತಗ. ಹಂಗಾದ್ರ ಗೀರು ಎಲ್ಲಿಂದ ಬಂತು? ಉಸುಕಿನಿಂದ. ಉಸುಕಿನ ಕಣದಾಗ ಇರೋದು ಕ್ವಾರ್ಟ್ಜ್, ನಮ್ಮಲ್ಲಿ ಬೆಣಚುಕಲ್ಲು ಅಂತೀವಲ್ಲ ಅದು, ಅದರ ಗಟ್ಟಿತನ 7. ಫರಸಿ ಮ್ಯಾಲೆ ಕುಂತ ಧೂಳಿನಾಗ, ತೊಗರಿ ಚೀಲದಿಂದ ಉದುರೋ ಹೊಲದ ಮಣ್ಣಿನಾಗ, ಕಿಸೆ ತಳದಾಗ ಅದು ಇದ್ದೇ ಇರ್ತದ. ಒಣ ಅರಬಿಲಿಂದ ಸ್ಕ್ರೀನ್ ತಿಕ್ತೀವಲ್ಲ, ಆಗ ನಾವೇ ಆ ಕಣ ಹಿಡದು ಗ್ಲಾಸ್ ಮ್ಯಾಲ ಎಳದಂಗಾಗ್ತದ. ಪೈಲಾ ಊದಿ, ಆಮ್ಯಾಲ ಸ್ವಲ್ಪ ತೇವ ಇರೋ ಮೆತ್ತನ ಅರಬಿಲಿಂದ ಒರಸ್ರಿ.

ಇನ್ನ ಗ್ಲಾಸಿನ ಕಥಿ. 2007ರ ಜನವರಿದಾಗ ಐಫೋನ್ ತೋರಿಸಿದಾಗ ಅದರ ಸ್ಕ್ರೀನ್ ಪ್ಲಾಸ್ಟಿಕ್ಕಿಂದಿತ್ತು, ಜೂನ್‌ದಾಗ ಮಾರಲಿಕ್ಕ ಬರೋದ್ರೊಳಗ ಗ್ಲಾಸ್ ಮಾಡಿದ್ರು, ಕಾರಣ ಗೀರು. ಅಂದ್ರ ಕಂಪನಿಗೆ ಮನಸ್ಸಿದ್ರ ಮಾರೋ ಮುಂಚಿನ ಕೆಲವೇ ತಿಂಗಳಿನಾಗೂ ಬದಲಿ ಮಾಡ್ತಾರ. ಕಾರ್ನಿಂಗ್ ಕಂಪನಿಯ ಗೊರಿಲ್ಲಾ ಗ್ಲಾಸ್ ಥರದ್ದನ್ನ ಹ್ಯಾಂಗ ಮಾಡ್ತಾರಂದ್ರ, ಗಾಜನ್ನ ಸುಮಾರು 400 ಡಿಗ್ರಿ ಬಿಸಿ ಇರೋ, ಕರಗಿದ ಪೊಟ್ಯಾಶಿಯಂ ಉಪ್ಪಿನಾಗ ಮುಳಗಿಸ್ತಾರ. ಗಾಜಿನಾಗಿನ ಸಣ್ಣ ಸೋಡಿಯಂ ಅಯಾನು, ಅಂದ್ರ ವಿದ್ಯುತ್ ಚಾರ್ಜ್ ಇರೋ ಕಣ, ಹೊರಗ ಬರ್ತಾವ, ಆ ಜಾಗದಾಗ ದೊಡ್ಡ ಪೊಟ್ಯಾಶಿಯಂ ಅಯಾನು ಹೋಗಿ ಕೂಡ್ತಾವ. ಸಣ್ಣ ಜಾಗದಾಗ ದೊಡ್ಡದು ತುರುಕಿದ್ದಕ್ಕ ಮ್ಯಾಲಿನ ಪದರ ಯಾವಾಗ್ಲೂ ಒತ್ತಡದಾಗ ಇರ್ತದ, ಹಿಂಗಾಗಿ ಬಿರುಕು ಹಬ್ಬೋದು ಕಷ್ಟ. ಇದರಿಂದ ಬಿದ್ರ ಒಡೆಯೋದು ಕಮ್ಮಿ ಆಗ್ತದ. ಆದ್ರ ಗಟ್ಟಿತನ 6ರಿಂದ 8ಕ್ಕ ಏರಲ್ಲ. ಬೆಣಚಿನ ಕಣ 7 ಇರೋ ತನಕ ಗೀರು ಬೀಳೋದೇ.

ಬಿದ್ರ ತಡೆಯೋದು, ಗೀರು ತಡೆಯೋದು, ಎರಡೂ ಸುಧಾರಿಸ್ಲಿಕ್ಕೇ ಬರಲ್ಲ ಅಂತಲ್ಲ. ಕಾರ್ನಿಂಗ್ ಕಂಪನಿದೇ 2020ರಾಗ ಬಂದ ವಿಕ್ಟಸ್ ಅನ್ನೋ ಗ್ಲಾಸ್ ಎರಡು ಮೀಟರ್ ತನಕ ಬಿದ್ರೂ ತಡೀತದ, ಗೊರಿಲ್ಲಾ ಗ್ಲಾಸ್ 6ಕ್ಕಿಂತ ಎರಡು ಪಟ್ಟು ತನಕ ಗೀರು ತಡೀತದ ಅಂತ ಕಂಪನಿನೇ ಹೇಳ್ಕೊಂಡದ. ಹಂಗಂದ್ರ ಹಳೀ ಗ್ಲಾಸ್ ಹಾಕಿದ ಕಡಿಮಿ ಬೆಲಿ ಫೋನಿಗೂ ಹೊಸ ಗ್ಲಾಸಿಂದಕ್ಕೂ ಫರಕ್ ಅದ, ಮತ್ತ ಆ ಫರಕ್ ಮಂದಿಗೆ ಹೇಳ್ಬೇಕು.

ನೀಲಮಣಿ ಗಾಜು, ಅದೇ ಸಫೈರ್, ಯಾಕ ಹಾಕಲ್ಲ ಅಂತ ಹುಡುಗ್ರು ಕೇಳ್ತಾರ. ಅದು 9, ಉಸುಕಿಗೆ ಜಗ್ಗಲ್ಲ. 2013ರ ಐಫೋನ್ 5ಎಸ್ ಹೋಮ್ ಬಟನ್ ಮ್ಯಾಲ, ಮತ್ತ ಕೆಲವು ಕ್ಯಾಮೆರಾ ಮ್ಯಾಲ ಹಾಕ್ಯಾರ. ಆದ್ರ ಪೂರಾ ಸ್ಕ್ರೀನಿಗೆ ಹಾಕಿದ್ರ ತುಟ್ಟಿ, ತೂಕ ಜ್ಯಾಸ್ತಿ, ಬೆಳಕು ಭಾಳ ತಿರುಗಿ ಹೊಡಿತದ, ಮತ್ತ ಬಿದ್ರ ಒಡೆಯೋ ಹೆದರಿಕಿ. ಆಪಲ್‌ಗೆ ಸಫೈರ್ ಮಾಡಿ ಕೊಡಲಿಕ್ಕ ಒಪ್ಕೊಂಡಿದ್ದ ಜಿಟಿ ಅಡ್ವಾನ್ಸ್ಡ್ ಅನ್ನೋ ಕಂಪನಿ 2014ರ ಅಕ್ಟೋಬರ್‌ದಾಗ ದಿವಾಳಿ ಆಯ್ತು.

ನಿಮ್ಮ ಫ್ರೇಮಿಂದು ಬ್ಯಾರೆ ವಿಷಯ. ಅಲ್ಯೂಮಿನಿಯಂಗೆ ಬಣ್ಣ ಹಚ್ಚಲ್ಲ, ಕರೆಂಟ್ ಹಾಯ್ಸಿ ಮ್ಯಾಲ ಅಲ್ಯೂಮಿನಿಯಂ ಆಕ್ಸೈಡ್ ಪದರ ಬೆಳೆಸ್ತಾರ, ಅದರ ಸಣ್ಣ ಸಣ್ಣ ರಂಧ್ರದಾಗ ಬಣ್ಣ ತುಂಬ್ತಾರ. ಇದೇ ಆನೋಡೈಸಿಂಗ್. ಆ ಪದರ ಗಟ್ಟಿ, ಆದ್ರ ಭಾಳ ತೆಳುವು, ಕೆಳಗಿನ ಲೋಹ ಮೆತ್ತಗ. ಸಪಾಟ ಜಾಗದಾಗ ಛಲೋ ಕುಂದರ್ತದ, ಚೂಪ ಅಂಚಿಗೆ ಬಂದಲ್ಲಿ ಹಿಡಿತ ಕಮ್ಮಿ, ಬಡದ್ರ ಚಕ್ಕಿ ಏಳ್ತದ. ನಿಮ್ಮ ಚಾರ್ಜರ್ ತೂತು, ಕ್ಯಾಮೆರಾ ರಿಂಗ್, ಎರಡೂ ಚೂಪ ಅಂಚೇ ನೋಡ್ರಿ. 2012ರ ಕಪ್ಪು ಐಫೋನ್ 5ಕ್ಕೂ ಹಿಂಗೇ ಆಗಿತ್ತು, 2025ರ ಐಫೋನ್ 17 ಪ್ರೋ ಕ್ಯಾಮೆರಾ ಉಬ್ಬಿನ ಅಂಚಿಗೂ ಇದೇ ದೂರು ಬಂತು. ಲಕ್ಷ ರೂಪಾಯಿ ದಾಟಿದ ಫೋನ್ ಅದು. ಅಂಚನ್ನ ಸ್ವಲ್ಪ ಗುಂಡಗ ಮಾಡಿದ್ರ ಇದು ಭಾಳ ಕಮ್ಮಿ ಆಗ್ತದ. ಅದಕ್ಕ ಹೊಸ ಲೋಹ ಬ್ಯಾಡ, ಹೊಸ ವಿಜ್ಞಾನ ಬ್ಯಾಡ. ನೋಡಲಿಕ್ಕ ಚೂಪ ಇರ್ಲಿ ಅಂತ ಆರಿಸ್ಕೊಂಡವರು ಅವರು, ಸವೆದ್ರ ನಿಮ್ಮ ಬಳಕಿ ಅನ್ನೋದು ತಪ್ಪು.

ಸುರಪುರ ರೈತ

ಎಲ್ಲರೂ ಭಾಳ ಛಲೋ ಬರ್ದೀರಿ, ಆದ್ರ ನಾ ಒಪ್ಪಲ್ರಿ. ಫೋನ್ ಇರೋದು ಬಳಸ್ಲಿಕ್ಕ. ಹೊಲದಾಗ ಪಂಪ್‌ಸೆಟ್ ಹತ್ರ, ಟ್ರ್ಯಾಕ್ಟರ್ ಮ್ಯಾಲ, ಗೊಬ್ಬರದ ಚೀಲದ ಬಾಜುಕ ನಂದು ಬಿದ್ದಿರ್ತದ, ಹಿಂದಿನ ಬಾಜು ಪೂರಾ ಗೀರು, ನಂಗ ಒಂದಿನಾನೂ ಬೇಜಾರಾಗಿಲ್ಲ. ಹತ್ತಿ ರೇಟ್ ನೋಡ್ತೀನಿ, ಫೋನ್‌ಪೇ ಮಾಡ್ತೀನಿ, ಮಗಳ ಜೋಡಿ ವಿಡಿಯೋದಾಗ ಮಾತಾಡ್ತೀನಿ, ಎಲ್ಲಾ ನಡೀತದ.

ಕಂಪನಿಗೆ ನೀವು ಗೀರು ಬೀಳಬಾರದು ಅಂದ್ರ ಅವರು ಮಾಡ್ತಾರ, ಯಾಕ ಮಾಡಲ್ಲ, ಐದು ಸಾವಿರ ಜ್ಯಾಸ್ತಿ ಮಾಡಿ ಮಾಡ್ತಾರ. ಆ ಐದು ಸಾವಿರ ನಾ ಯಾಕ ಕೊಡ್ಲಿ? ನಂಗ ಬೇಕಿರೋದು ಬ್ಯಾಟರಿ ನಾಲ್ಕು ವರ್ಷ ಬರಬೇಕು, ಅಪ್‌ಡೇಟ್ ಬರಬೇಕು, ಬಿಸಲಾಗ ಸ್ಕ್ರೀನ್ ಕಾಣ್ಬೇಕು, ಮೇ ತಿಂಗಳ ಬಿಸಿಲಿಗೆ ಕಾದು ಬಂದ್ ಆಗಬಾರದು. ಗಲಾಟಿ ಮಾಡೋದಿದ್ರ ಅದಕ್ಕ ಮಾಡ್ರಿ. ಮಂದಿ ಹೊಳಪಿಗೆ ಬೆನ್ನ ಹತ್ತೀರಿ ಅಂತೇ ಕಂಪನಿನೂ ಹೊಳಪೇ ಮಾರ್ತಾವ.

ಗಂಜ್ ಹುಡುಗ, ಕಲಬುರಗಿ

ಅಣ್ಣಾರ, ನಿಮ್ಮ ಮಾತು ತಳ್ಳಿ ಹಾಕಲ್ಲ, ಬ್ಯಾಟರಿ ಬಿಸಿಲು ಅನ್ನೋದು ನಂಗೂ ಅದ. ಆದ್ರ ನೀವು ಫೋನ್ ಸಾಯೋ ತನಕ ಇಟ್ಕೋತೀರಿ. ನಾ ಎರಡು ವರ್ಷಕ್ಕ ಮಾರಿ ಅದರ ಮ್ಯಾಲ ಸ್ವಲ್ಪ ಹಾಕಿ ಹೊಸಾದು ತಗೋತೀನಿ, ನಮ್ಮಂಥವರಿಗೆ ಹಳೀ ಫೋನಿನ ರೊಕ್ಕಾನೇ ಹೊಸ ಫೋನಿನ ಅರ್ಧ. ಮೂಲಿ ಸವೆದದ್ದಕ್ಕ ಎರಡು ಮೂರು ಸಾವಿರ ಹೊಡ್ಕೊಂಡ್ರ ಅದು ಹೊಳಪಲ್ಲ, ನನ್ನ ಪಗಾರ.

ಮತ್ತ ಟೀಚರ್ ಹೇಳಿದಂಗ ಅಂಚು ಗುಂಡಗ ಮಾಡ್ಲಿಕ್ಕ ಐದು ಸಾವಿರ ಯಾಕ ಬೇಕು? ಅವರು ಚೂಪ ಮಾಡ್ಲಿಕ್ಕ ತಗೊಂಡ ರೊಕ್ಕದಾಗೇ ಆಗ್ತದ. ಸೂಪರ್ ಮಾರ್ಕೆಟ್ ಅಣ್ಣಾ, ನೀವು ಹೇಳಿದ ಧೂಳಿನ ಗೆರಿ ನನ್ನ ಕವರ್‌ದಾಗ ಹಂಗೇ ಇತ್ರಿ. ಕವರೇ ಸವೆಸ್ತದಂದ್ರ ಕವರ್ ಹಾಕ್ರಿ ಅನ್ನೋ ಮಾತಿಗೆ ಅರ್ಥ ಏನ್ ಉಳೀತು.

ಬೀದರ್ ಚೌಬಾರಾ

ನಮ್ಮ ಮನ್ಯಾಗ ಬಿದರಿ ಕೆಲಸ ಮಾಡ್ತಾರ, ತಾತನ ಕಾಲದಿಂದ. ಫೋನ್ ಕಂಪನಿಗೆ ನಾ ಹೇಳೋದೇನದ ಅಂದ್ರ ಬಿದರಿಗೂ ಫೋನಿಗೂ ಒಂದು ವಿಷಯ ಕೂಡ್ತದ, ಎರಡರಾಗೂ ಬಣ್ಣ ಮೈ ಒಳಗ ಇರಲ್ಲ, ಮ್ಯಾಲೇ ಇರ್ತದ.

ಬಿದರಿ ಸಾಮಾನು ಸತು ಮತ್ತ ತಾಮ್ರದ ಎರಕ, ಸತುವೇ ಜ್ಯಾಸ್ತಿ, ತಾಮ್ರ ಜರಾ. ಎರಕ ಹೊಯ್ದು ಗೀಸಿ ನುಣ್ಣಗ ಮಾಡಿ, ಅದರ ಮ್ಯಾಲ ಉಳಿಲಿಂದ ಚಿತ್ತಾರ ಕೊರದು ಬೆಳ್ಳಿ ತಂತಿ ಕೂಡಿಸ್ತಾರ. ಆವಾಗ ಎಲ್ಲಾ ಬಿಳಿನೇ ಕಾಣ್ತದ, ಬೆಳ್ಳಿ ಯಾವ್ದು ಸತು ಯಾವ್ದು ತಿಳಿಯಲ್ಲ. ಆಮ್ಯಾಲ ಕೋಟೆ ಮಣ್ಣು ಮತ್ತ ನವಸಾಗರ ಅನ್ನೋ ಉಪ್ಪು ನೀರಾಗ ಕಲಸಿ, ಸಾಮಾನು ಬಿಸಿ ಮಾಡಿ ತಿಕ್ಕಿದ್ರ ಸತು ಕಪ್ಪಾಗ್ತದ, ಬೆಳ್ಳಿ ಹಂಗೇ ಹೊಳೀತದ. ಕೊನೀಗೆ ಎಣ್ಣಿ ಹಚ್ಚಿ ಉಜ್ಜಿದ್ರ ಆ ಕಪ್ಪು ಆಳ ಆಗ್ತದ. 2023ರಾಗ ನಮ್ಮ ಊರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಿದ್ದು ಇದೇ ಕೆಲಸಕ್ಕ.

ಬಿದರಿಗೂ ಕೈ ತಾಗ್ತದ, ಕಪ್ಪು ಮಸಕ ಆಗ್ತದ. ಗಿರಾಕಿ ವಾಪಸ್ ತಂದ್ರ ನಾವು ಕೊಬ್ಬರಿ ಎಣ್ಣಿ ಹಚ್ಚಿ ಉಜ್ಜಿ ಕೊಡ್ತೀವಿ, ಭಾಳ ಹೋಗಿದ್ರ ಮತ್ತ ಮಣ್ಣು ಹಚ್ಚಿ ಕಪ್ಪು ಮಾಡ್ತೀವಿ. ಸಾಮಾನು ಹೊಸಾದಾಗ್ತದ. ನಮ್ಮ ಕೈಲಿಂದ ಮಾಡಿದ್ದು ನಮ್ಮ ಕೈಲಿಂದೇ ಸರಿ ಆಗ್ತದ. ಫೋನಿನ ಅಂಚಿನ ಬಣ್ಣ ಹೋದ್ರ ಬೀದರ್‌ದಾಗ ಯಾರ ಹತ್ರ ಒಯ್ಯಬೇಕು? ಕಲಬುರಗಿದಾಗ ಯಾರದ್ದಾರ ಹತ್ರ? ಫ್ರೇಮ್ ಬದಲಿ ಮಾಡ್ಬೇಕಂದ್ರ ಫೋನ್ ಪೂರಾ ಬಿಚ್ಚಬೇಕು, ಸ್ಕ್ರೀನ್ ಬ್ಯಾಟರಿ ಎಲ್ಲಾ ಆ ಫ್ರೇಮಿಗೇ ಅಂಟಿಸಿರ್ತಾರ.

ಹಿಂಗಾಗಿ ನಂಗ ಅನಿಸೋದು, ಸವೆಯಬಾರದು ಅಂತ ಕೇಳೋದಕ್ಕಿಂತ ಸವೆದ್ರ ಬದಲಿ ಆಗ್ಬೇಕು ಅಂತ ಕೇಳೋದು ಜ್ಯಾಸ್ತಿ ಸರಿ. ಮೊದಲಿನ ಬಟನ್ ಫೋನಿಗೆ ಹಿಂದಿನ ಮುಚ್ಚಳ ಉಗರಿಲಿಂದ ತೆಗೆದು ಹೊಸಾದು ಹಾಕ್ತಿದ್ವಿ, ಅಂಗಡಿದಾಗ ಕೆಂಪು ನೀಲಿ ಕರಿ ಎಲ್ಲಾ ಸಾಲಾಗಿ ತೂಗ ಹಾಕಿರ್ತಿದ್ರು. ಆ ಪ್ಲಾಸ್ಟಿಕ್ ಒಳಗೂ ಹೊರಗೂ ಒಂದೇ ಬಣ್ಣ, ಗೀರು ಬಿದ್ರೂ ಕಾಣ್ತಿದ್ದಿಲ್ಲ. ಈಗ ಹಿಂದ ಗ್ಲಾಸ್ ಹಾಕ್ಯಾರ, ಅದನ್ನ ಬದಲಿ ಮಾಡ್ಲಿಕ್ಕ ಮಷೀನ್ ಬೇಕು.

ವಕೀಲರ ಓಣಿ, ಕಲಬುರಗಿ

ಕಾನೂನಿನ ಕಡಿಂದ ಎರಡು ಮಾತು, ಯಾಕಂದ್ರ ಇದನ್ನ ಕೇಳ್ಕೊಂಡು ಮಂದಿ ಬರ್ತಾರ.

ವಾರಂಟಿ ಕಾಗದದಾಗ ಮೇಲ್ಮೈ ಸವೆತ ಬರಲ್ಲ ಅಂತ ಹೆಚ್ಚುಕಮ್ಮಿ ಎಲ್ಲಾ ಕಂಪನಿನೂ ಬರ್ದಿರ್ತಾವ. ಆದ್ರ ವಾರಂಟಿ ಕಾಗದವೇ ಕೊನೀ ಮಾತಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆದಾಗ ದೋಷ ಅಂದ್ರ ಗುಣಮಟ್ಟದಾಗ ಇರಬೇಕಾದ್ದು ಇಲ್ಲದಿರೋದೂ ಸೇರ್ತದ, ದಾರಿ ತಪ್ಪಿಸೋ ಜಾಹೀರಾತೂ ಅದರಾಗ ಬ್ಯಾರೆ ಅದ. ಗೀರು ಬೀಳಲ್ಲ ಅಂತ ಕಂಪನಿ ತನ್ನ ಜಾಹೀರಾತಿನಾಗ ಹೇಳಿದ್ರ, ಆ ಮಾತಿನ ಮ್ಯಾಲ ನೀವು ತಗೊಂಡಿದ್ರ, ಅದು ಕೇಳೋ ವಿಷಯ. ಬರೇ ಗಟ್ಟಿ ಗ್ಲಾಸ್ ಅಂತ ಹೇಳಿದ್ರ ನಿಮ್ಮ ಕೇಸು ಸೋಲೋ ಸಾಧ್ಯತಿ ಜ್ಯಾಸ್ತಿ, ಖರೆ ಹೇಳ್ತೀನಿ. ಪೈಲಾ 1915ಕ್ಕ ಫೋನ್ ಮಾಡಿ ದೂರು ಕೊಡ್ರಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ರೊಕ್ಕ ಹತ್ತಲ್ಲ. ಅದರಾಗ ಬಗೆಹರೀಲಿಲ್ಲಂದ್ರ ಜಿಲ್ಲಾ ಗ್ರಾಹಕ ಆಯೋಗ, ಐದು ಲಕ್ಷದ ತನಕದ ಸಾಮಾನಿಗೆ ಫೀಸ್ ಇಲ್ಲ. ಬಿಲ್ಲು, ಜಾಹೀರಾತಿನ ಸ್ಕ್ರೀನ್‌ಶಾಟ್, ಸವೆದ ಜಾಗದ ಫೋಟೋ ತಾರೀಖಿನ ಸಮೇತ, ಸರ್ವಿಸ್ ಸೆಂಟರ್ ಕೊಟ್ಟ ಜಾಬ್ ಶೀಟ್ ಇಟ್ಕೊಳ್ರಿ. ವಾರಂಟಿದಾಗ ಬರಲ್ಲ ಅಂತ ಬಾಯಿಲಿಂದ ಅಂದ್ರ ಕಾಗದದ ಮ್ಯಾಲ ಬರ್ಕೊಡ್ರಿ ಅಂತ ಕೇಳ್ರಿ.

ಹೊರ ದೇಶದಾಗ ಇದಕ್ಕ ಜಗಳ ಹೊಸಾದಲ್ಲ. 2005ರಾಗ ಐಪಾಡ್ ನ್ಯಾನೋ ಅನ್ನೋ ಹಾಡಿನ ಪ್ಲೇಯರ್ ಜಲ್ದಿ ಗೀರಾಗ್ತದ ಅಂತ ಅಮೆರಿಕಾದಾಗ ಗ್ರಾಹಕರು ಕೂಡಿ ಕೋರ್ಟಿಗೆ ಹೋದ್ರು, ಆಪಲ್ ರಾಜಿ ಮಾಡ್ಕೊಂಡು ರೊಕ್ಕ ಕೊಟ್ಟಿತು. ಅದೇ ಕಂಪನಿ 2016ರಾಗ ಹೊಳೆಯೋ ಕಪ್ಪು ಬಣ್ಣದ ಐಫೋನ್ 7 ತಂದಾಗ, ಬಳಸಿದಂಗ ಸಣ್ಣ ಗೀರು ಕಾಣಬಹುದು, ಚಿಂತಿ ಇದ್ದವರು ಕವರ್ ಹಾಕ್ರಿ ಅಂತ ವೆಬ್‌ಸೈಟಿನಾಗ ಮೊದಲೇ ಬರ್ದಿತ್ತು. ನಂಗ ಇದು ಛಲೋ ಅನಿಸ್ತದ, ರೊಕ್ಕ ಕೊಡೋ ಮುಂಚೆ ಗಿರಾಕಿಗೆ ತಿಳೀತು.

ಈಗ ಯುರೋಪ್ ಒಕ್ಕೂಟದಾಗ 2025ರ ಜೂನ್ 20ರಿಂದ ಹೊಸ ನಿಯಮ ಬಂದದ. ಅಲ್ಲಿ ಮಾರೋ ಸ್ಮಾರ್ಟ್‌ಫೋನಿನ ಸ್ಕ್ರೀನ್ ಮೋಸ್ ಮಾಪಕದಾಗ 4ನೇ ಹಂತ ಪಾಸ್ ಆಗಬೇಕು, ಮಡಚಲಾರದ ಫೋನ್ 45 ಸಲ ಬೀಳೋ ಪರೀಕ್ಷಿ ತಡಿಬೇಕು, ಬ್ಯಾಟರಿ 800 ಸಲ ಚಾರ್ಜ್ ಆದ್ಮ್ಯಾಲೂ 80 ಪರ್ಸೆಂಟ್ ಉಳಿಬೇಕು, ಡಬ್ಬಿ ಜೋಡಿ ಒಂದು ಲೇಬಲ್ ಇರಬೇಕು, ಬಿದ್ರ ಎಷ್ಟ್ ತಡೀತದ, ರಿಪೇರಿ ಎಷ್ಟ್ ಸಲೀಸು ಅಂತ ದರ್ಜಿ ಹಾಕಿ. ಸುರಪುರದ ಅಣ್ಣೋರು ಬ್ಯಾಟರಿ ಕೇಳಿದ್ರು, ಗಂಜ್ ಹುಡುಗ ಗೀರು ಕೇಳಿದ, ಅಲ್ಲಿ ಎರಡನ್ನೂ ಒಂದೇ ನಿಯಮದಾಗ ತಂದಾರ. ಒಂದು ಬೇಕಂದ್ರ ಇನ್ನೊಂದು ಬಿಡ್ರಿ ಅನ್ನೋ ಕಾರಣ ಇಲ್ಲ.

ಯಾದಗಿರಿ ವಿಜ್ಞಾನ ಟೀಚರ್

ವಕೀಲರೆ, ಆ ನಿಯಮದ ಬಗ್ಗೆ ಒಂದು ಮಾತು ಸೇರಿಸ್ತೀನಿ. 4ನೇ ಹಂತ ಅಂದ್ರ ಭಾಳ ಕೆಳಗಿಂದು, ಯಾವ ಸಾದಾ ಗ್ಲಾಸ್ ಆದ್ರೂ ಪಾಸ್ ಆಗ್ತದ. ನಮ್ಮ ಧೂಳಿನಾಗಿನ ಬೆಣಚು 7 ಅಂತ ಹೇಳಿದ್ನಲ್ಲ. ಮತ್ತ ಅದು ಸ್ಕ್ರೀನಿಗೆ ಮಾತ್ರ, ಫ್ರೇಮಿಗೆ ಹಿಂದಿನ ಬಾಜುಗೆ ಇಲ್ಲ. ಗಂಜ್ ಹುಡುಗನ ಫೋನಿನಾಗ ಹೋಗಿದ್ದು ಫ್ರೇಮ್. ನಮ್ಮ ದೇಶದಾಗ ಇಂಥ ನಿಯಮ ಮಾಡಿದ್ರ ಚಾರ್ಜರ್ ತೂತು, ಬಟನ್, ಕ್ಯಾಮೆರಾ ಅಂಚು, ಈ ಮೂರಕ್ಕ ತಿಕ್ಕೋ ಪರೀಕ್ಷಿ ಇರಬೇಕು. ಯಾಕಂದ್ರ ಕೈ ಮತ್ತ ಪಿನ್ ದಿನಾ ತಾಗೋ ಜಾಗ ಅವು, ಕವರ್ ಹಾಕಿದ್ರೂ ತೆರದೇ ಇರ್ತಾವ.

ಸುರಪುರ ರೈತ

ಬ್ಯಾಟರಿಗೆ 800 ಅಂತ ನಿಯಮ ಇರೋದು ನಂಗ ಗೊತ್ತಿದ್ದಿಲ್ರಿ ವಕೀಲರ. ಅದು ನಮ್ಮಲ್ಲಿ ಬಂದ್ರ ನಾನೂ ನಿಮ್ಮ ಜೋಡಿ ಬರ್ತೀನಿ, ಗೀರಿನ ಮಾತೂ ಅದರಾಗ ಸೇರಿಸ್ರಿ, ನಂದೇನ್ ತಕರಾರಿಲ್ಲ. ಆದ್ರ ಬೆಲಿ ಏರಿಸಬಾರದು, ಅದನ್ನ ಬಿಡಲ್ಲ ನಾ.

ಸೂಪರ್ ಮಾರ್ಕೆಟ್ ಮೊಬೈಲ್

ತಂಗಿ ಫೋನಿಂದು ಯಾರೂ ಹೇಳ್ಲಿಲ್ಲ, ನಾ ಹೇಳ್ತೀನಿ ತಮ್ಮಾ. ಇಪ್ಪತ್ತರ ಒಳಗ ಹಿಂದಿನ ಬಾಜು ಗ್ಲಾಸ್ ಇರೋದು ಬ್ಯಾಡ, ಪ್ಲಾಸ್ಟಿಕ್ ಇರ್ಲಿ, ಹೊಳೆಯೋದು ಬ್ಯಾಡ, ಮಂಕ ಮೇಲ್ಮೈ ಇರೋದು ನೋಡು. ಹೊಳೆಯೋದರ ಮ್ಯಾಲ ಮೊದಲ್ನೇ ವಾರದಾಗೇ ಜೇಡರ ಬಲಿ ಕಟ್ಟಿದಂಗ ಗೆರಿ ಕಾಣ್ತಾವ, ಮಂಕದರಾಗ ಕಾಣಲ್ಲ. ಬಣ್ಣ ಗಾಢ ನೀಲಿ ಕರಿ ತಗೋಬ್ಯಾಡ, ಬೂದಿ ಬಣ್ಣ ಬೆಳ್ಳಿ ಬಣ್ಣ ತಗೋ, ಸವೆದ್ರೂ ಒಳಗಿಂದು ಹೊರಗಿಂದು ಒಂದೇ ಥರ ಇರ್ತದ. ಲೆದರ್ ಥರ ಹಿಂದ ಇರೋದು ಬರ್ಲತ್ತಾವ, ಗೀರು ಕಾಣಲ್ಲ ಖರೆ, ಆದ್ರ ನಮ್ಮ ಬಿಸಿಲಿಗೆ ಕೈ ಬೆವರಿ ಜಲ್ದಿ ಹೊಲಸಾಗ್ತದ, ತಿಳಿ ಬಣ್ಣದ್ದಂತೂ ಬ್ಯಾಡೇ ಬ್ಯಾಡ.

ಅಂಗಡಿದಾಗ ಡೆಮೋಕ್ಕ ಇಟ್ಟ ಫೋನ್ ಕೈಯಾಗ ತಗೊಂಡು ಅದರ ಚಾರ್ಜರ್ ತೂತು ನೋಡು. ಡೆಮೋ ಫೋನಿಗೆ ದಿನಾ ನೂರು ಮಂದಿ ಕೈ ಹಚ್ಚಿರ್ತಾರ, ಪಿನ್ ಚುಚ್ಚಿರ್ತಾರ, ಅದರ ಅಂಚಿನ ಬಣ್ಣ ಇನ್ನಾ ನಿಂತಿದ್ರ ಧೈರ್ಯಲೆ ತಗೋ. ಕ್ಯಾಮೆರಾ ಉಬ್ಬಿದ್ರ ಕವರಿನ ಅಂಚು ಅದಕ್ಕಿಂತ ಎತ್ತರ ಇರಬೇಕು, ಇಲ್ಲಂದ್ರ ಟೇಬಲ್ ಮ್ಯಾಲ ಇಟ್ಟಾಗೆಲ್ಲಾ ರಿಂಗೇ ತಿಕ್ತದ. ಸ್ಕ್ರೀನಿಗೆ ಗ್ಲಾಸ್ ಹಚ್ಚಿಸ್ಕೋ, ನೂರೈವತ್ತು ಇನ್ನೂರಕ್ಕ ಆಗ್ತದ, ಅಂಚಿನ ತನಕ ಪೂರಾ ಅಂಟೋದು ಕೇಳು. ನಿನ್ನ ಗ್ಲಾಸಿನ ಕೆಳಗ ಗೀರು ಬಿದ್ದದ್ದು ಅಂಚಿಗೆ ಗಮ್ ಬಿಟ್ಟು ಸಂದಿ ಆಗಿದ್ದಕ್ಕ, ಆ ಸಂದಿದಾಗ ಧೂಳು ಹೋಗಿ ಕುಂತದ. ಅಂಚು ಎದ್ದದ್ದು ಕಂಡ ಕೂಡ್ಲೆ ಬದಲಿ ಮಾಡಬೇಕು.

ಬೀದರ್ ಚೌಬಾರಾ

ಅಣ್ಣಾ, ಆ ಡೆಮೋ ಫೋನ್ ನೋಡೋ ಮಾತು ಭಾಳ ಕಾಮಿಗೆ ಬರೋದು. ಒಂದು ಕೇಳ್ತೀನಿ, ನಮ್ಮ ಅಣ್ಣನ ಮಗ ಮಡಚೋ ಫೋನ್ ತಗೋತೀನಿ ಅಂತ ಹಟ ಹಿಡದಾನ. ಅದಕ್ಕೂ ಇದೇ ಗ್ಲಾಸ್ ಇರ್ತದೇನು?

ಯಾದಗಿರಿ ವಿಜ್ಞಾನ ಟೀಚರ್

ಇಲ್ರಿ. ಮಡಚೋ ಫೋನಿನ ಒಳಗಿನ ಸ್ಕ್ರೀನ್ ಭಾಳ ತೆಳು ಗಾಜಿಂದು, ಅದರ ಮ್ಯಾಲ ಪ್ಲಾಸ್ಟಿಕ್ ಪದರ ಅಂಟಿಸಿರ್ತಾರ. ಕೈ ತಾಗೋದು ಆ ಪ್ಲಾಸ್ಟಿಕ್‌ಗೆ, ಅದು ಮೋಸ್ ಮಾಪಕದಾಗ 2ರ ಹತ್ರ, ಜೋರಾಗಿ ಒತ್ತಿದ್ರ ಉಗರಿನ ಗುರ್ತು ಸುದ್ದಾ ಬೀಳ್ತದ. ಮತ್ತ ಆ ಪದರವನ್ನ ಸ್ಕ್ರೀನ್‌ಗಾರ್ಡ್ ಅಂತ ತಿಳ್ಕೊಂಡು ಕೀಳಬಾರದು, ಕಿತ್ರ ಸ್ಕ್ರೀನೇ ಹೋಗ್ತದ. ಧೂಳು ಮಡಿಕಿದಾಗ ಹೋಗಿ ಕುಂದರ್ತದ, ನಮ್ಮ ಕಡಿ ಧೂಳು ಹ್ಯಾಂಗದ ನಿಮಗೂ ಗೊತ್ತದ. ಹುಡುಗ ಆಫೀಸಿನಾಗ ಕೂಡೋನಾದ್ರ ತಗೊಳ್ಳಿ, ಗಾಡಿ ಮ್ಯಾಲ ಊರೂರು ತಿರುಗೋನಾದ್ರ ಬ್ಯಾಡ ಅನ್ರಿ.

ಗಂಜ್ ಹುಡುಗ, ಕಲಬುರಗಿ

ಎಲ್ಲರಿಗೂ ಭಾಳ ಥ್ಯಾಂಕ್ಸ್ ರಿ. ನಾಳಿ ಸರ್ವಿಸ್ ಸೆಂಟರಿಗೆ ಹೋಗಿ ಜಾಬ್ ಶೀಟ್ ಬರಸ್ಕೊಂಡು 1915ಕ್ಕ ಹಚ್ತೀನಿ, ಏನ್ ಹೇಳ್ತಾರ ಇಲ್ಲೇ ಬರೀತೀನಿ. ವಕೀಲರೆ, ಜಾಹೀರಾತು ಯೂಟ್ಯೂಬಿನಾಗ ಇನ್ನಾ ಅದ, ಅದನ್ನ ಡೌನ್‌ಲೋಡ್ ಮಾಡಿ ಇಟ್ಕೊಂಡ್ರ ನಡೀತದೋ ಇಲ್ಲಾ ಪೇಪರಿನಾಗ ಬಂದದ್ದೇ ಬೇಕೋ?

ವಕೀಲರ ಓಣಿ, ಕಲಬುರಗಿ

ವಿಡಿಯೋನೂ ನಡೀತದ. ಡೌನ್‌ಲೋಡ್ ಮಾಡ್ರಿ, ಅದರ ಲಿಂಕು ಮತ್ತ ನೋಡಿದ ತಾರೀಖು ಬರ್ದಿಡ್ರಿ, ಯಾವ ಸೆಕೆಂಡಿನಾಗ ಯಾವ ಮಾತು ಹೇಳ್ಯಾರ ಅನ್ನೋದೂ ಗುರ್ತು ಹಾಕ್ರಿ. ಅವರು ತೆಗೆದು ಹಾಕೋ ಮುಂಚೆ ಇವತ್ತೇ ಮಾಡ್ರಿ.